ಎರಡು ದಂಡೆಯ ನಡುವಿನ ಬಳೆ

ಊರವರು ಅವನನ್ನು ಲೇತಿನಣ್ಣ ಎನ್ನುತ್ತಾರೆ. ಸೇತುವೆಯ ಬುಡದಲ್ಲಿ ತಗಡಿನ ಮಾಡಿನ ಅಂಗಡಿ, ಲೋಹ ಕಡೆಯುವ ಒಂದು ಹಳೆಯ ಲೇತು, ಕಾಲಿಟ್ಟಲ್ಲೆಲ್ಲ ಹಿತ್ತಾಳೆಯ ಸುರುಳಿ ಚೂರು. ಸೇತುವೆಯಾಚೆಗೆ ಬೇರೆ ದೇಶ. ಬೆಂಕಿಯಾರಿಸುವ ಪೈಪು ಈಚೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಆಚೆಯ ಬೀದಿ ನಲ್ಲಿಗೆ ಎಡಕ್ಕೇ ತಿರುಗಿಸಬೇಕು. ಯಾವ ಕಾಲದ ಹಟವೋ, ಈಗ ಯಾರಿಗೂ ನೆನಪಿಲ್ಲ. ಎರಡನ್ನೂ ಕೂಡಿಸುವ ಹಿತ್ತಾಳೆಯ ಬಳೆ ಮಾಡುವುದು ಅವನ ಕಸುಬು. ಬೇಸಿಗೆ ಬಂತೆಂದರೆ ಕಾಡು ಹೊತ್ತಿಕೊಳ್ಳುವುದು ರೂಢಿಯಾದ ಮೇಲೆ ಕೈತುಂಬ ಕೆಲಸ. "ಊರಿಗೆ ಬೆಂಕಿ ಬಿದ್ರೆ ನಿನ್ನ ಒಲೆ ಹತ್ತುತ್ತೆ" ಎಂದು ಪಕ್ಕದ ಕ್ಷೌರದವನು ಹಂಗಿಸುತ್ತಾನೆ. ಅವನಿಗೆ ತಿರುಗಿ ಬೈಯುವ ಉಮೇದೂ ಈಗಿಲ್ಲ.

ಆ ದಿನ ಮತದಾನ. ಕಾಡಿನ ಬೆಂಕಿ, ಗಡಿ ದಾಟುವ ರೋಗ, ಏರುವ ಕಡಲು, ಇವನ್ನು ಲೋಕಕ್ಕೆಲ್ಲ ಒಂದೇ ಸರ್ಕಾರದ ಕೈಗೆ ಒಪ್ಪಿಸಬಹುದೇ ಎಂದು ದೇಶದೇಶಗಳೂ ತಮ್ಮ ಜನರನ್ನು ಕೇಳುತ್ತಿದ್ದವು. ಒಪ್ಪಿದರೆ ಎಲ್ಲ ಕಡೆ ಒಂದೇ ಬಗೆಯ ಪೈಪು, ಒಂದೇ ಬಗೆಯ ನಲ್ಲಿ. ಬಳೆಗೆ ಕೆಲಸವಿಲ್ಲ. ಲೇತಿನಣ್ಣ ಬೇಡ ಎನ್ನುವುದೆಂದು ತೀರ್ಮಾನಿಸಿದ್ದ.

ಬೆಳಿಗ್ಗೆ ಮಗಳು ಬಂದಳು. ಅಗ್ನಿಶಾಮಕ ದಳದವಳು. ಮುಖವೆಲ್ಲ ಮಸಿ, ಬೂಟು ಬಿಚ್ಚಲೂ ತ್ರಾಣವಿಲ್ಲ. ಹೆಗಲಿಂದ ಪೈಪಿನ ಸುರುಳಿಯನ್ನು ಇಳಿಸಿ ಸ್ಟೂಲಿನ ಮೇಲೆ ಕುಸಿದಳು.

"ಆಚೆ ದಂಡೆಯ ಸಾಲುಮನೆಗಳು ಹೋದವಪ್ಪ."

"ಬಳೆ ಕೂರಲಿಲ್ವಾ?"

"ಕೂರಿಸೋಕೆ ಬಿಟ್ರೆ ತಾನೆ! ಸೇತುವೆ ಕಾವಲಿನವರು ನಮ್ಮನ್ನ ಬಿಟ್ರು, ಲಾರಿ ಬಿಟ್ರು. ಪೈಪು ಲಾರಿಗೆ ಸೇರಿದ್ದಂತೆ, ಅದನ್ನೂ ಬಿಟ್ರು. ಬಳೆ ಮಾತ್ರ ಬಿಡಿ ಸಾಮಾನಂತೆ. ಎರಡೂ ಕಡೆ ಸೀಲು ಬೇಕಂತೆ. ಸೀಲು ಹಾಕೋರು ಊಟಕ್ಕೆ ಹೋಗಿದ್ರು."

ಹಿಂದಿನ ಸಂಜೆ ಗಾಳಿ ತಿರುಗಿತ್ತು. ಬೆಂಕಿ ಮಾತ್ರ ಯಾರ ಸೀಲನ್ನೂ ಕೇಳದೆ ಈಚೆಗೆ ದಾಟಿ ಬಂದಿತ್ತು. ಆಚೆಯದೂ ಇನ್ನೂ ಆರಿರಲಿಲ್ಲ, ಇವತ್ತು ಮಧ್ಯಾಹ್ನ ಅವಳು ಮತ್ತೆ ಆಚೆಗೇ ಹೋಗಬೇಕು.

"ಓಟು ಹಾಕಪ್ಪ. ಹೂಂ ಅನ್ನು."

"ನಮ್ಮ ಬೀದಿ ಚರಂಡಿ ಕಟ್ಟಿದ್ರೆ ಪುರಸಭೆಯವರು ತಿರುಗಿ ನೋಡಲ್ಲ. ಲೋಕಕ್ಕೆಲ್ಲ ಒಂದೇ ಆಫೀಸಾದ್ರೆ ಯಾರ ಮುಂದೆ ಹೋಗಿ ಕೂಗಾಡ್ಲಿ? ದೂರದ ಬೆಟ್ಟ ನುಣ್ಣಗೆ ಕಣಮ್ಮ."

"ನಿನ್ನೆ ಸೇತುವೆ ಮೇಲೆ ಎರಡು ಕಡೆಯವರ ಮುಂದೆನೂ ಕೂಗಾಡ್ದೆ. ಒಳ್ಳೆಯವರೇ ಪಾಪ. ಕುಡಿಯೋಕೆ ನೀರು ಕೊಟ್ರು."

ಅವನು ಅಂಗಿ ಹಾಕಿಕೊಂಡು ಹೊರಟ.

ಶಾಲೆಯ ಅಂಗಳದಲ್ಲಿ ಸಾಲು ಆಮೆಯಂತೆ ತೆವಳುತ್ತಿತ್ತು. ಹೊಗೆಗೆ ಮಾತಿಗಿಂತ ಕೆಮ್ಮೇ ಹೆಚ್ಚು. ಜಯಕಾರ ಕೂಗುವವರೂ ಇರಲಿಲ್ಲ, ಧಿಕ್ಕಾರ ಕೂಗುವವರೂ ಇರಲಿಲ್ಲ. ಮನೆ ಹತ್ತಿ ಉರಿಯುವಾಗ ಬಾವಿ ತೋಡಲು ಹೊರಟವರ ಮುಖಗಳು.

ಹಿಂದೆ ನಿಂತಿದ್ದ ಕ್ಷೌರದವನು ಕೇಳಿದ: "ಏನು ಲೇತಿನಣ್ಣ, ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಳ್ತೀಯಾ?"

"ಹೊಟ್ಟೆ ಹಾಗಿರ್ಲಿ ಮಾರಾಯ, ಮೊದ್ಲು ಉಸಿರಾಡೋಣ."

ಒಳಗೆ ಹೋಗಿ ಹೂಂ ಎಂದೇ ಒತ್ತಿದ. ಆ ಸರ್ಕಾರದ ಮೇಲೆ ಅವನಿಗೆ ನಂಬಿಕೆ ಹುಟ್ಟಿರಲಿಲ್ಲ. ಈಗಿರುವ ಎರಡು ಸರ್ಕಾರಗಳ ಮೇಲಿದ್ದದ್ದು ಸವೆದು ಹೋಗಿತ್ತು, ಅಷ್ಟೆ.

ಅಂಗಡಿಗೆ ಬಂದಾಗ ಮಗಳು ಗೋಡೆಗೊರಗಿ ನಿದ್ದೆಹೋಗಿದ್ದಳು. ಮತ ಎಣಿಸಿ, ಸರ್ಕಾರ ಕಟ್ಟಿ, ಹೊಸ ನಲ್ಲಿ ಬರುವ ಹೊತ್ತಿಗೆ ಇನ್ನೆಷ್ಟು ಬೇಸಿಗೆಯೋ. ಅವನು ಅವಳ ಪೈಪಿನ ತುದಿಯಲ್ಲಿ ನಲ್ಲಿಗೆ ಕೂರುವ ಹಿತ್ತಾಳೆ ಕೊಂಡಿ ಬಿಚ್ಚಿದ. ಹೊಸ ಬಳೆಯನ್ನು ಆ ಕೊಂಡಿಗೆ ಬೆಸೆದ, ಇನ್ನೆಂದೂ ಬೇರೆಯಾಗದ ಹಾಗೆ. ತಣಿದ ಮೇಲೆ ಕೊಂಡಿಯನ್ನು ಮತ್ತೆ ಪೈಪಿಗೆ ಬಿಗಿದ.

ಸದ್ದಿಗೆ ಎಚ್ಚರಾದ ಮಗಳು ಅದನ್ನು ತಿರುಗಿಸಿ ನೋಡಿದಳು. "ಅಪ್ಪ, ಇದಿನ್ನು ನಮ್ಮ ನಲ್ಲಿಗೆ ಕೂರಲ್ಲವಲ್ಲ."

"ಕೂರಲ್ಲ. ಆದ್ರೆ ಇದು ಈಗ ಬಿಡಿ ಸಾಮಾನಲ್ಲ, ಪೈಪು. ಯಾರು ತಡೀತಾರೆ ನೋಡೋಣ."

ಅವಳು ಅದನ್ನು ಹೆಗಲಿಗೇರಿಸಿಕೊಂಡು ಸೇತುವೆಯ ಕಡೆ ನಡೆದಳು. ಅವನು ಬಾಗಿಲಲ್ಲೇ ನಿಂತ. ಕಾವಲಿನವನು ಬಳೆಯನ್ನು ಮುಟ್ಟಿ ನೋಡಿದ, ಎಳೆದು ನೋಡಿದ, ಆಮೇಲೆ ಅಡ್ಡಗಂಬ ಎತ್ತಿದ.