ಸ್ವತಂತ್ರ ಸಮಯ: ಒಂದು ಗಂಟೆ

ಜಗತ್ತನ್ನು ನೋಡಲು ಮನುಷ್ಯನಿಗೆ ಇರುವುದು ಎರಡೇ ದಾರಿ: ತೋರಿಸುವವನ ಬೆನ್ನು ಹಿಡಿದು ಹೋಗುವುದು, ಇಲ್ಲವೆ ತನ್ನ ಪಾಡಿಗೆ ತಾನು ಹುಡುಕಿಕೊಂಡು ಹೋಗುವುದು. ಈ ಘನವಾದ ವಿಚಾರ ನನಗೆ ಹೊಳೆದದ್ದು ಹಡಗಿನ ಊಟದ ಅಂತಸ್ತಿನಲ್ಲಿ, ಇಡ್ಲಿಯ ಸಾಲಿನಲ್ಲಿ ನಿಂತಿದ್ದಾಗ. ವಿಚಾರ ಪೂರ್ತಿಯಾಗುವಷ್ಟರಲ್ಲಿ ಇಡ್ಲಿ ಮುಗಿದಿತ್ತು.

ನಾನು ಬಾದಾಮಿಯಲ್ಲಿ ಮೂವತ್ತೊಂದು ವರ್ಷ ಗೈಡ್ ಆಗಿದ್ದವನು. ಗುಹೆಗಳ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಸವೆದ ಮೇಲೆ ಬಿಟ್ಟೆ. ಅಂಥವನು ಹಡಗು ಹತ್ತಿದ್ದು ಹೇಗೆಂದು ಹೇಳಬೇಕು. ಪಟ್ಟದಕಲ್ಲು, ಐಹೊಳೆ ಮುಗಿಸಿದ ಪ್ರವಾಸಿಗಳನ್ನು ನಾನು ತಪ್ಪದೆ ಇಳಕಲ್ಲಿನ ಒಂದು ಸೀರೆ ಅಂಗಡಿಗೆ ಮುಟ್ಟಿಸುತ್ತಿದ್ದೆ. ಅಂಗಡಿಯ ಸಾಹುಕಾರರು ಆ ಸೇವೆಯನ್ನು ಮರೆಯಲಿಲ್ಲ. ನೂಲಿನ ಕಂಪನಿಯವರು ಅವರಿಗೆ ಕೊಟ್ಟ ಎರಡು ಜೋಡಿ ಟಿಕೆಟುಗಳಲ್ಲಿ ಒಂದನ್ನು ನನಗೂ ನನ್ನ ಹೆಂಡತಿಗೂ ದಯಪಾಲಿಸಿದರು. ಇನ್ನೊಂದು ಅವರ ಬೀಗರಾದ ಹುನಗುಂದದ ನಿವೃತ್ತ ಮಾಸ್ತರಿಗೂ ಅವರ ಪತ್ನಿಗೂ ಹೋಯಿತು. ಸಾಹುಕಾರರಿಗೆ ಸ್ವತಃ ನೀರೆಂದರೆ ಹೆದರಿಕೆ. ಹಡಗು ಮುಂಬೈಯಿಂದ ಹೊರಟು, ಕೊಚ್ಚಿಯಲ್ಲಿ ಒಂದು ಹಗಲು ನಿಂತು, ಮರಳಿ ಮುಂಬೈಗೆ ಬರುವಂಥದ್ದು.

ಕೊಚ್ಚಿ ಎಂಬ ಹೆಸರು ಕೇಳಿದ್ದೇ ತಡ, ನನ್ನ ಹೆಂಡತಿ ಚೀಲ ತುಂಬತೊಡಗಿದಳು. ಅವಳ ಅಕ್ಕ ಅಲ್ಲಿದ್ದರು. ಭಾವ ಆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಅವರು ತೀರಿಕೊಂಡ ಮೇಲೂ ಅಕ್ಕ ಮಗನೊಂದಿಗೆ ಅಲ್ಲೇ ಉಳಿದರು. ಸಕ್ಕರೆ ಕಾಯಿಲೆ ಅವರ ಒಂದು ಕಣ್ಣನ್ನು ಆಗಲೇ ತಿಂದಿತ್ತು. ಇನ್ನೊಂದರಲ್ಲಿ, ಬೆಳಕು ಚೆನ್ನಾಗಿದ್ದರೆ, ಎದುರು ಕೂತವರ ಮುಖ ಕಾಣುತ್ತಿತ್ತು. ಫೋನಿನ ಪರದೆ ಕಾಣುತ್ತಿರಲಿಲ್ಲ. ಆ ಕಣ್ಣೂ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಪೂರಾ ಹೋಗೂಕಿಂತ ಮೊದಲ ನಿನ್ನ ಮಾರಿ ಒಮ್ಮಿ ನೋಡಬೇಕವಾ," ಎಂದು ಅಕ್ಕ ಫೋನಿನಲ್ಲಿ ಅಂದದ್ದನ್ನು ನಾನೂ ಕೇಳಿಸಿಕೊಂಡಿದ್ದೆ.

ಅಕ್ಕ ತಂಗಿ ಭೇಟಿಯಾಗಿ ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷ ರೈಲು ಇರಲಿಲ್ಲವೇ ಎಂದರೆ, ಇತ್ತು. ಚಳಿಗಾಲದಲ್ಲಿ ನನಗೆ ಪ್ರವಾಸಿಗಳ ಹಂಗಾಮು, ಬೇಸಿಗೆಯಲ್ಲಿ ನನಗೆ ಬಿಸಿಲು. ಉಳಿದ ತಿಂಗಳುಗಳಿಗೂ ಏನೋ ಒಂದು ಕಾರಣ ಕೊಟ್ಟಿದ್ದೆ, ಈಗ ನೆನಪಿಲ್ಲ.

ಕೊಚ್ಚಿ ಮುಟ್ಟುವ ಹಿಂದಿನ ಸಂಜೆ ಕೋಣೆಗೆ ಒಂದು ಕಾಗದ ಬಂತು. ಹಡಗಿನವರ ಬಸ್ಸಿನಲ್ಲಿ, ಗೈಡಿನ ಜೊತೆ ಊರು ನೋಡುವವರು ಹೆಸರು ಬರೆಸಬೇಕು. ಉಳಿದವರು ತಮ್ಮಷ್ಟಕ್ಕೆ ಹೋಗಿ ನಾಲ್ಕು ಗಂಟೆಗೆ ಮರಳಬೇಕು. ಬಸ್ಸಿನ ಕಾರ್ಯಕ್ರಮದ ಕೊನೆಯ ಸಾಲಿನಲ್ಲಿ, ಹಳೆಯ ಚರ್ಚಿನ ಬಳಿ, 'ಸ್ವತಂತ್ರ ಸಮಯ: ಒಂದು ಗಂಟೆ' ಎಂದಿತ್ತು.

ಊಟದ ಮೇಜಿನಲ್ಲಿ ಮಾಸ್ತರು ತಮ್ಮ ಯೋಜನೆ ಹೇಳಿದರು. "ನಾವು ಆಟೋ ಮಾಡ್ತೇವ್ರಿ. ನಿಮ್ಮನ್ನ ಅಕ್ಕಾರ ಮನಿ ಮುಂದ ಇಳಿಸಿ ಮುಂದ ಹೋಗ್ತೇವಿ. ಬರಾಗ ಮತ್ತ ಹತ್ತಿಸಿಕೊಂಡ ಬರ್ತೇವಿ."

"ಹಂಗ ಮಾಡೂಣ್ರಿ," ಎಂದಳು ನನ್ನ ಹೆಂಡತಿ, ನನ್ನ ಕಡೆ ತಿರುಗಿ.

"ಮಾಸ್ತರ, ನಾ ಮೂವತ್ತೊಂದ ವರ್ಷ ನೋಡೇನಿ," ಎಂದೆ. "ಗೈಡ್ ಇಲ್ದ ಬಂದವ್ರು ಗುಡ್ಡದಾಗಿನ ಮಂಗ್ಯಾನ ಫೋಟೋ ತಕ್ಕೊಂಡ ಹೋಗ್ತಾರ. ಗುಡಿ ಎಲ್ಲಿತ್ತು ಅಂತ ಮನಿಗೆ ಹೋಗಿ ಕೇಳ್ತಾರ."

"ನಮಗ ಮಂಗ್ಯಾ ಆದ್ರೂ ನಡೀತೈತ್ರಿ," ಎಂದರು ಮಾಸ್ತರು.

ನಾನು ವಾದಕ್ಕೆ ನಿಂತೆ. ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಆಟೋ ತಡವಾದರೆ ಕಾಯುವುದಿಲ್ಲ. ಇದು ನಿಜ, ಕಾಗದದಲ್ಲೇ ಬರೆದಿತ್ತು. ಕಾಗದದಲ್ಲಿ ಬರೆಯದ ಮಾತು ಇನ್ನೊಂದಿತ್ತು: ಗೈಡ್ ಇಲ್ಲದೆಯೂ ಊರು ನೋಡಬಹುದೆಂದು ನಾನೇ ಒಪ್ಪಿದರೆ ನನ್ನ ಮೂವತ್ತೊಂದು ವರ್ಷದ ಗತಿಯೇನು? ಚರ್ಚಿನಿಂದ ಮನೆಗೆ ನಡೆದರೆ ಹತ್ತು ನಿಮಿಷ ಎಂದು ಅಕ್ಕನ ಮಗ ಹೇಳಿದ್ದ.

"ಒಂದ ತಾಸು ಸಿಗತೈತಲ್ಲ, ಸಾಕು," ಎಂದೆ.

"ಒಂಬತ್ತ ವರ್ಷಕ್ಕ ಒಂದ ತಾಸೇನ್ರಿ?" ಎಂದಳು.

ಹೆಸರು ಬರೆಸಿದೆ.

ಕೊಚ್ಚಿಯ ಗೈಡ್ ಐವತ್ತರ ಆಸುಪಾಸಿನವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಚಿದ ಕೊಡೆ. ಅರಮನೆಯನ್ನು ನಲವತ್ತು ನಿಮಿಷದಲ್ಲಿ ಮುಗಿಸಿದ ಅವನ ಕೈಚಳಕವನ್ನು ನಾನು ಗೌರವದಿಂದ ನೋಡಿದೆ. ಬಸ್ಸು ಹತ್ತಿದ ಮೇಲೆ ಅವನು ಹಿಂದಿಯಲ್ಲಿ, ಈಗ ಮೊದಲು ಮಸಾಲೆ ಅಂಗಡಿ, ಚರ್ಚು ಮತ್ತು ಸ್ವತಂತ್ರ ಸಮಯ ಆಮೇಲೆ, ಎಂದ.

ಬಸ್ಸಿನಲ್ಲಿದ್ದವರ ಪೈಕಿ ಆ ಮಾತಿನ ಅರ್ಥ ಪೂರ್ತಿ ತಿಳಿದದ್ದು ನನಗೊಬ್ಬನಿಗೆ. ಅಂಗಡಿ ಮೊದಲು ಬಂದರೆ ಸ್ವತಂತ್ರ ಸಮಯ ಉಳಿಯುವುದಿಲ್ಲ. ಅಮೀನಗಡದಲ್ಲಿ ಕರದಂಟು ಕೊಳ್ಳಬೇಕು, ನಿಲ್ಲಿಸಿ ಎಂದವರಿಗೆ ನಾನೂ "ಇಳಕಲ್ಲಿಂದ ಬರಾಗ ನಿಲ್ಲಸೂಣು" ಎನ್ನುತ್ತಿದ್ದೆ. ಬರುವಾಗ ಹೊತ್ತಾಗಿದೆ ಎಂದು ನಿಲ್ಲಿಸುತ್ತಿರಲಿಲ್ಲ.

"ಅವಗ ಹೇಳ್ರಿ, ನಾವಿಬ್ರೂ ಇಲ್ಲೇ ಇಳೀತೇವಂತ," ಎಂದಳು ಹೆಂಡತಿ. "ಇಲ್ಲಿಂದ ಆಟೋ ಸಿಗ್ತಾವ."

"ಇನ್ನೊಬ್ಬ ಗೈಡ್ ತನ್ನ ಮಂದಿ ಮುಂದ ಮಾತಾಡೂ ಮುಂದ ನಡುವ ಬಾಯಿ ಹಾಕಬಾರ್ದು," ಎಂದೆ.

ಇದು ನಮ್ಮ ಬಾದಾಮಿ ಗೈಡುಗಳ ಕಟ್ಟಳೆ. ಎಲ್ಲೂ ಬರೆದಿಲ್ಲ, ಯಾರೂ ಮುರಿದಿಲ್ಲ. ಪಕ್ಕದವನು ಒಬ್ಬ ಅರಸ ಕೆತ್ತಿಸಿದ ಶಿಲ್ಪವನ್ನು ಅವನ ಅಪ್ಪನದೆಂದು ತೋರಿಸಿದರೂ ನಾವು ಗೋಡೆ ನೋಡುತ್ತ ನಿಲ್ಲಬೇಕು. ಮುರಿದವನ ಜೊತೆ ಚಹಾ ಕುಡಿಯುವವರಿಲ್ಲ. ಅರಬ್ಬಿ ಸಮುದ್ರದ ದಂಡೆಯಲ್ಲಿ ಈ ಕಟ್ಟಳೆಯನ್ನು ಪಾಲಿಸೆಂದು ನನಗೆ ಯಾರೂ ಹೇಳಿರಲಿಲ್ಲ.

ಮಸಾಲೆ ಅಂಗಡಿಯ ಬಾಗಿಲಲ್ಲಿ ಗೈಡ್, ನೀವು ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದ. ಗೈಡ್ ಎಂದೆ. ಅವನ ಮುಖ ಅರಳಿತು. ಕುರ್ಚಿ ತರಿಸಿದ, ಏಲಕ್ಕಿ ಚಹಾ ತರಿಸಿದ. ನಿಮ್ಮಲ್ಲಿ ಮೆಟ್ಟಿಲು ಹತ್ತಲಾರೆ ಎನ್ನುವ ಮುದುಕರನ್ನು ಏನು ಮಾಡುತ್ತೀರಿ ಎಂದು ಕೇಳಿದ. ಹೇಳಿದೆ. ಅಂಗಡಿಯಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವಂತೆ ಹೇಗೆ ಮಾಡುತ್ತೀರಿ ಎಂದು ಕೇಳಿದ. ಅದನ್ನಂತೂ ಸವಿಸ್ತಾರವಾಗಿ ಹೇಳಿದೆ: ಕೆಂಪು ಸೆರಗಿನ ಸೀರೆಯನ್ನು ಮೊದಲು ತೆಗೆಸಬಾರದು, ಕೊನೆಗೆ ತೆಗೆಸಬೇಕು, ಇತ್ಯಾದಿ. ಕೆಲಸ ಬಿಟ್ಟ ಮೇಲೆ ಯಾರೂ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

ಹೆಂಡತಿ ಒಮ್ಮೆ ಬಂದಳು. "ಹೊತ್ತಾತ್ರಿ."

"ಎರಡ ನಿಮಿಷ."

ಇನ್ನೊಮ್ಮೆ ಬಂದಳು. ಪಕ್ಕದಲ್ಲಿ ನಿಂತಳು. ನಿಂತದ್ದನ್ನು ನಾನು ನೋಡಿದೆ. ನೋಡಿಯೂ, ಒಂದು ಬಸ್ಸು ಜನರನ್ನು ಒಬ್ಬನೇ ನಾಲ್ಕೂ ಗುಹೆ ಹತ್ತಿಸಿದ ಕಥೆಯನ್ನು ಮುಗಿಸಿಯೇ ಎದ್ದೆ. ಗೈಡ್ ಹೊರಡುವ ಅವಸರದಲ್ಲಿರಲಿಲ್ಲ. ಅವಸರ ಮಾಡಬೇಕಾದ ನಾನೇ ಅವನನ್ನು ಹಿಡಿದು ಕೂರಿಸಿದ್ದೆ.

ಚರ್ಚಿನ ಮುಂದೆ ಬಸ್ಸು ನಿಂತಾಗ ಅವನು ಕೈಗಡಿಯಾರ ನೋಡಿ, ಹದಿನೈದು ನಿಮಿಷ ಎಂದ. ಹೋಗಿ ಬರಲಿಕ್ಕೇ ಇಪ್ಪತ್ತು ಬೇಕು. ಹೆಂಡತಿ ಇಳಿದವಳೇ ದರದರ ನಡೆಯತೊಡಗಿದಳು. ನನ್ನ ಮೊಣಕಾಲಿಗೆ ಆಗುವಷ್ಟು ಓಡಿ ತಿರುವಿನಲ್ಲಿ ಅವಳ ತೋಳು ಹಿಡಿದೆ.

"ಬಿಡ್ರಿ. ಹಡಗ ಹೋದ್ರ ಹೋಗ್ಲಿ."

"ಹೋದ್ರ ಮುಂಬೈಗೆ ಹೆಂಗ ಹೋಗ್ತಿ?"

"ರೈಲ ಐತಿ."

"ಅರಿವಿ, ಔಷಧ ಎಲ್ಲಾ ಹಡಗಿನಾಗ ಅದಾವು. ಹುಚ್ಚಿ ಹಂಗ ಮಾಡಬ್ಯಾಡ."

ಆಗ ಅವಳಿಗೆ ಫೋನು ಬಂತು. ಅಕ್ಕನ ಮಗ. ಅವನ ದನಿ ನನಗೂ ಕೇಳುತ್ತಿತ್ತು. "ಚಿಗವ್ವಾ, ಎಲ್ಲಿದ್ದಿ? ಅವ್ವ ಮುಂಜಾನಿಂದ ಬಾಗಲದಾಗ ಕುರ್ಚಿ ಹಾಕ್ಕೊಂಡ ಕುಂತಾಳ. ಅಲ್ಲಿ ಬೆಳಕ ಚಲೋ ಬರ್ತೈತಂತ."

ಅವಳು ಫೋನನ್ನು ನನ್ನ ಕೈಗಿಟ್ಟಳು. "ನೀವ ಹೇಳ್ರಿ. ಮಾತಾಡಾಕ ನಿಮಗ ಬರತೈತಿ."

ಮೂರು ಭಾಷೆಗಳಲ್ಲಿ ಮೂವತ್ತೊಂದು ವರ್ಷ ಮಾತಾಡಿದ ನಾನು, "ಬಸ್ಸ ತಡಾ ಆತಪ್ಪಾ," ಎಂದೆ. ದೂರದಲ್ಲಿ ಗೈಡ್ ಕೊಡೆ ಎತ್ತಿ ಹಿಡಿದು ಜನರನ್ನು ಕರೆಯುತ್ತಿದ್ದ. ಹೋಗಿ ಬಸ್ಸಿನಲ್ಲಿ ಕೂತೆವು.

ಹಡಗಿನ ಮೆಟ್ಟಿಲ ಬಳಿ ಮಾಸ್ತರು ಒಂದು ಗೊನೆ ನೇಂದ್ರ ಬಾಳೆಹಣ್ಣು ಹಿಡಿದು ನಿಂತಿದ್ದರು. ಮೂರಕ್ಕೇ ಮರಳಿದ್ದರಂತೆ.

"ಅಕ್ಕಾರ ಭೇಟಿ ಆತೇನ್ರಿ?"

"ಊರ ಭಾಳ ಚಲೋ ತೋರಿಸಿದ್ರು ಬಿಡ್ರಿ," ಎಂದಳು ನನ್ನ ಹೆಂಡತಿ, ಒಳಗೆ ಹೋಗುತ್ತ.

ಬಾದಾಮಿಗೆ ಬಂದ ಮೇಲೆ ಅವಳು ಈ ಮಾತು ಎತ್ತಲಿಲ್ಲ. ಎತ್ತಿದರೆ ಕೊಡಬೇಕಾದ ಉತ್ತರವನ್ನು ನಾನು ಚೆನ್ನಾಗಿ ಸಿದ್ಧಪಡಿಸಿಕೊಂಡಿದ್ದೆ. ಹಡಗಿನ ನಿಯಮ, ನನ್ನ ಮೊಣಕಾಲು, ಆ ಗೈಡಿನ ಅಂಗಡಿ ಎಲ್ಲವೂ ಅದರಲ್ಲಿದ್ದವು. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಅವಳು ಕೇಳಲಿ ಎಂದು ನಾನು ಕಾದೆ. ನಾನೇ ಹೇಳಲಿ ಎಂದು ಅವಳು ಕಾದಳೋ ಏನೋ ತಿಳಿಯದು.

ಜೂನಿನಲ್ಲಿ ಅವಳೇ ಸ್ಟೇಶನ್ನಿಗೆ ಹೋಗಿ ರೈಲಿನ ಟಿಕೆಟ್ ತೆಗೆಸಿದಳು. ಕೊಚ್ಚಿಗೆ ನಾನೂ ಜೊತೆಗೆ ಹೋದೆ. ಅಷ್ಟರಲ್ಲಿ ಅಕ್ಕನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.