ಮೊದಲ ಮಳೆಗೆ ಕಾಯುತ್ತಿದ್ದ ಏಣಿ

ಕಾಕಾರ ಬಲಗೈ ಉಗುರುಗಳ ಸಂದಿಯಲ್ಲಿ ಇಳಕಲ್ಲಿನ ಕೆಂಪು ಕಲ್ಲಿನ ಪುಡಿ ಸದಾ ಕೂತಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅವರ ಹೆಂಡತಿ, ನಮಗೆಲ್ಲ ಕಾಕು, "ಬ್ಯಾರೆ ಚಟ್ನಿ ಯಾಕ್ರಿ, ಉಗುರಾಗ ಐತಲ್ಲ" ಎನ್ನುತ್ತಿದ್ದರು.

ಅವರು ಬಂಧುಗಳಲ್ಲ, ಪಕ್ಕದ ಮನೆಯವರು. ತಗಡಿನ ಚಾವಣಿ ಸ್ವಚ್ಛ ಮಾಡುವುದು ಕಾಕಾರ ಉದ್ಯೋಗ, ಇಬ್ಬರು ಆಳುಗಳಿದ್ದರು. ಮಳೆನೀರು ಹರಿದುಹೋಗಲು ಚಾವಣಿಯ ಅಂಚಿಗೆ ಕೂಡಿಸಿದ ಉದ್ದನೆಯ ತಗಡಿಗೆ ಅವರು ದೋಣಿ ಎನ್ನುತ್ತಿದ್ದರು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಪುಡಿ, ಬೇವಿನೆಲೆ, ಪಾರಿವಾಳದ ಹಿಕ್ಕೆ ಸೇರಿ ದೋಣಿ ಕಟ್ಟಿಕೊಂಡರೆ ನೀರು ನೇಕಾರರ ಮನೆಯೊಳಗಿನ ಮಗ್ಗದ ಮೇಲೆ ಇಳಿಯುತ್ತದೆ.

ಮೊದಲ ಮಳೆ ಬೀಳುವವರೆಗೆ ಅವರು ನೇಕಾರರ ಮನೆಗೆ ಏಣಿ ಹಚ್ಚುತ್ತಿರಲಿಲ್ಲ. "ಒಣಾ ಕಸ ಕೆರದ್ರ ಧೂಳು ಮಗ್ಗದಾಗ ಇಳೀತೈತಿ. ಅವರ ಸೀರಿ ಹಾಳ ಮಾಡಿ ನನ್ನ ದೋಣಿ ಸ್ವಚ್ಛ ಮಾಡ್ಲೇನು?" ಒದ್ದೆಯಾದ ಮೇಲೆ ಕರಣೆಯಿಂದ ಹೆಂಟೆ ಹೆಂಟೆಯಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು.

ಎರಡು ವರ್ಷದ ಹಿಂದೆ ಬಾಗಲಕೋಟೆಯಲ್ಲಿ ಅವರು ದೋಣಿಯ ಕಸ ಹೀರುವ ಯಂತ್ರ ಕಂಡರು. ಉದ್ದನೆಯ ಕೊಳವೆ, ತುದಿಗೆ ಕ್ಯಾಮೆರಾ. ನೆಲದ ಮೇಲೆ ನಿಂತೇ ಎಳೆಯಬಹುದು.

"ತಗೊಂಡ್ಬಿಡ್ರಿ. ಏಣಿ ಮ್ಯಾಲೆ ನಿಮ್ಮ ಮೊಣಕಾಲು ನಡುಗೂದು ಕೆಳಗಿಂದ ಕಾಣತೈತಿ" ಎಂದರು ಕಾಕು.

ಕಾಕಾ ನನ್ನ ಕಡೆ ತಿರುಗಿದರು. "ನೀ ಪೇಪರ್‌ಗೆ ಸುದ್ದಿ ಬರ್ಯಾಂವ. ಯಾರ ಪರಾನೂ ಹಿಡೀದ ನೋಡಿ ಹೇಳು ತಮ್ಮಾ, ತಗೊಳ್ಳೂದೋ ಬಿಡೂದೋ."

ಅಂಗಡಿಯವನು ಯಂತ್ರ ತಂದದ್ದು ಮೊದಲ ಮಳೆಯ ಮಾರನೆಯ ಬೆಳಿಗ್ಗೆ. ಕಾಕಾ ಆ ದಿನವನ್ನೇ ಗೊತ್ತುಮಾಡಿದ್ದರು. ನೇಕಾರರೊಬ್ಬರ ಮನೆಯ ಮುಂದೆ ನಾನು ನೋಟ್‌ಬುಕ್ ಹಿಡಿದು ನಿಂತೆ. ಎರಡು ಮಾರು ಹೋಗುವಷ್ಟರಲ್ಲಿ ಹಸಿ ರಾಡಿ ಕೊಳವೆಯಲ್ಲಿ ಸಿಕ್ಕಿಕೊಂಡಿತು. ಬಿಚ್ಚಿ ತೊಳೆದು ಹಚ್ಚಿದರೆ ಮತ್ತೆ ಅದೇ. ಅಷ್ಟರಲ್ಲಿ ಕಾಕಾ ಏಣಿ ಹತ್ತಿ ಕರಣೆಯಿಂದ ಇನ್ನೊಂದು ಬದಿ ಮುಗಿಸುತ್ತ ಬಂದಿದ್ದರು.

"ದಮ್ಮು ಹತ್ತೇತಿ ಇದಕ್ಕ. ದವಾಖಾನಿಗೆ ಒಯ್ರಿಲೇ" ಎಂದು ಮೇಲಿನಿಂದ ಕೂಗಿದರು. ಆಳುಗಳು ನಕ್ಕರು. ನಾನೂ ನಕ್ಕೆ.

"ಒಣಗಿದ್ರ ಚಲೋ ಎಳೀತೈತ್ರಿ" ಎಂದ ಅಂಗಡಿಯವನು.

"ಒಣಗಿದಾಗ ನಾವು ದೋಣಿ ಮುಟ್ಟೂದಿಲ್ಲೋ" ಎಂದರು ಕಾಕಾ.

ಕಂಡದ್ದನ್ನು ಕಂಡಂತೆ ಬರೆದುಕೊಂಡು, ನಿಮ್ಮ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದೆ. ಯಂತ್ರ ವಾಪಸು ಹೋಯಿತು.

ಮರುವರ್ಷ ಮೊದಲ ಮಳೆಯ ಮಾರನೆಯ ದಿನ ಒದ್ದೆ ತಗಡಿನ ಮೇಲೆ ಕಾಕಾರ ಕಾಲು ಜಾರಿತು. ದವಾಖಾನೆ ತಲುಪುವ ಮೊದಲೇ ಉಸಿರು ನಿಂತಿತ್ತು. ಉಗುರಿನ ರಾಡಿ ಇನ್ನೂ ಹಸಿಯಾಗಿತ್ತು. ಸುದ್ದಿ ನಾನೇ ಬರೆದೆ, ನಾಲ್ಕು ಸಾಲು.

ಕಾಕು ಆ ಉದ್ಯೋಗ ಬಿಡಲಿಲ್ಲ, ಆಳುಗಳಿಂದ ನಡೆಸಿದರು. ಈ ಬೇಸಿಗೆಯಲ್ಲಿ ಅಂಥದೇ ಯಂತ್ರವನ್ನು ಬಾಡಿಗೆಗೆ ತರಿಸಿ, ನೇಕಾರರೊಬ್ಬರ ಮನೆಗೆ ನನ್ನನ್ನೂ ಕರೆದರು. ಒಣ ಕಸವೆಲ್ಲ ಸರಸರನೆ ಬಂತು. ಧೂಳು ಯಂತ್ರದ ಚೀಲದೊಳಗೇ ಉಳಿಯಿತು. ಒಳಗೆ ಮಗ್ಗದ ಸದ್ದು ನಿಲ್ಲಲಿಲ್ಲ. ಕಾಕು "ಅವರು ಇದನ್ನ ಒಣಾ ದೋಣ್ಯಾಗ ನೋಡಲೇ ಇಲ್ಲ" ಎಂದರು. ನನ್ನನ್ನು ದೂರಲಿಲ್ಲ.

ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದೆ. ಒಣಗಿದ್ದರೆ ಚೆನ್ನಾಗಿ ಎಳೆಯುತ್ತದೆ ಎಂಬ ಅಂಗಡಿಯವನ ಮಾತು ನನ್ನ ಅಕ್ಷರದಲ್ಲೇ ಇತ್ತು. ಅದನ್ನು ಬರೆದುಕೊಳ್ಳುವಾಗ ಕಾಕಾ ಏಣಿಯ ಮೇಲಿದ್ದರು. ಅವರ ಮೊಣಕಾಲು ನಡುಗುತ್ತದೋ ಎಂದು ನಾನು ತಲೆ ಎತ್ತಿ ನೋಡಿರಲಿಲ್ಲ.