ರಮಾ ಹೇಳಿದ ಅಂಗಡಿ

ಮಿಲ್ಪಿಟಾಸಿನ ಕನ್ನಡದ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ರಮಾಳಿಗೊಂದು ಫೋನು ಬರುತ್ತಿತ್ತು. "ರಮಾ ಆಂಟಿ, ಉಂಗುರಕ್ಕೆ ಎಲ್ಲಿ ಹೋಗೋದು?" ರಮಾ ಕೈಯಲ್ಲಿದ್ದ ಕೆಲಸ ಬಿಟ್ಟು ಕಾರು ತೆಗೆಯುತ್ತಿದ್ದಳು.

ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವಳು ಅವಳು. ಗಂಡ ಆನಂದತೀರ್ಥನಿಗೆ ಇಲ್ಲಿನ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, ಅವನ ಹಿಂದೆ ಬಂದಳು. ಅವಳ ವೀಸಾದಲ್ಲಿ ದುಡಿಯುವಂತಿರಲಿಲ್ಲ. ಅಡುಗೆಮನೆಗೂ ಟೀವಿಗೂ ನಡುವೆ ಕೊಳೆತುಹೋಗುತ್ತೇನೆ ಅನ್ನಿಸಿದಾಗ ಫ್ರೀವೇಯಲ್ಲಿ ಕಾರು ಓಡಿಸುವುದನ್ನು ಕಲಿತಳು. ಹೊಸದಾಗಿ ಬಂದವರಿಗೆ ಅಪಾರ್ಟ್‌ಮೆಂಟು ಹುಡುಕಿಕೊಟ್ಟಳು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದಳು. "ರಮಾ ಹೇಳಿದ್ರೆ ಮುಗೀತು" ಎಂದು ಜನ ಅನ್ನತೊಡಗಿದರು. ಸಂಬಳವಿಲ್ಲದವಳಿಗೆ ಆ ಮಾತೇ ಸಂಬಳವಾಗಿತ್ತು.

ಉಂಗುರಕ್ಕೆ ಅವಳು ಎಲ್ಲರನ್ನೂ ಕರೆದೊಯ್ಯುತ್ತಿದ್ದುದು ಕುಬೇರಪ್ಪನ ಅಂಗಡಿಗೆ. ಇಂಡಿಯನ್ ಮಾಲಿನ ಮೂಲೆಯಲ್ಲಿ, ಗ್ರೋಸರಿಯ ಪಕ್ಕದಲ್ಲಿ ಒಂದೇ ಕೋಣೆ. ಹಾಸನದ ಕಡೆಯವನು. ಹಣೆಯಲ್ಲಿ ಕುಂಕುಮ, ಬಾಯಲ್ಲಿ ಬೆಣ್ಣೆಯಂಥ ಮಾತು. ಬೇರೆ ಅಂಗಡಿಗಳ ಗಾಜಿನ ಪೆಟ್ಟಿಗೆಗಳ ಮುಂದೆ ಬೆವರುತ್ತಿದ್ದ ಹುಡುಗಿಯರು ಇಲ್ಲಿ ಕುರ್ಚಿ ಎಳೆದುಕೊಂಡು, ಕಾಫಿ ಕುಡಿಯುತ್ತ ಉಂಗುರ ಆರಿಸುತ್ತಿದ್ದರು. ರಮಾ ತನಗೇನಾದರೂ ಮಾಡಿಸಿಕೊಂಡರೆ ಕುಬೇರಪ್ಪ ಮಜೂರಿ ಹಿಡಿಯುತ್ತಿರಲಿಲ್ಲ. "ಅಕ್ಕನ ಹತ್ರ ಎಂಥ ಮಜೂರಿ?" ಎನ್ನುತ್ತಿದ್ದ. ರಮಾ ಅದನ್ನು ವಿಶ್ವಾಸವೆಂದೇ ತಿಳಿದಳು.

ತೊಂಬತ್ತೊಂಬತ್ತರಲ್ಲಿ ಅವಳ ಸ್ವಂತ ತಂಗಿ ಹಂಸಾಳ ಮದುವೆ ಗೊತ್ತಾಯಿತು. ಹಂಸಾ ಸ್ಯಾನ್ ಹೊಸೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರು; ಹುಡುಗ ಅಚ್ಯುತನೂ ಅದೇ ಆಫೀಸಿನವನು.

"ಅಕ್ಕ, ಆಫೀಸ್ ಹತ್ರಾನೇ ಒಂದು ಅಂಗಡಿ ಇದೆ. ಪ್ಲೇನಾಗಿರೋ ಎರಡು ಉಂಗುರ ತಗೊಂಡ್ಬಿಡ್ತೀವಿ," ಎಂದಳು ಹಂಸಾ.

"ಗುರುತು ಪರಿಚಯ ಇಲ್ಲದ ಕಡೆ ಯಾಕೆ? ಅಮ್ಮನ ಬಳೆ ಇದೆಯಲ್ಲ, ಅದನ್ನೇ ಕರಗಿಸಿ ಮಾಡಿಸೋಣ. ಅಮ್ಮನಂತೂ ಇಲ್ಲ, ಅವಳ ಚಿನ್ನವಾದ್ರೂ ನಿನ್ನ ಬೆರಳಲ್ಲಿರಲಿ."

ಸತ್ತ ತಾಯಿಯ ಹೆಸರೆತ್ತಿದ ಮೇಲೆ ಹಂಸಾ ಎದುರಾಡಲಿಲ್ಲ. ಕುಬೇರಪ್ಪ ಬಳೆಗಳನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟ. ನಿಶ್ಚಿತಾರ್ಥದ ಹೊತ್ತಿಗೆ ಉಂಗುರಗಳು ಬಂದವು, ಒಳಮೈಯಲ್ಲಿ ಇಪ್ಪತ್ತೆರಡು ಕ್ಯಾರೆಟ್ಟಿನ ಮುದ್ರೆ ಹೊತ್ತು.

ಹಂಸಾಳದು ಬೆರಳಿಗೆ ಸಡಿಲವಾಯಿತು. ಚಿಕ್ಕದು ಮಾಡಿಸಲೆಂದು ಅವಳು ಊಟದ ಬಿಡುವಿನಲ್ಲಿ ಆಫೀಸಿನ ಪಕ್ಕದ ಆ ಅಂಗಡಿಗೇ ಹೋದಳು. ಅಂಗಡಿಯವನು ಬೆಸುಗೆಗೆ ಮೊದಲು ಪರೀಕ್ಷಿಸಿ ನೋಡಿ, ಇದು ಬರೀ ಹದಿನಾಲ್ಕು, ಮುದ್ರೆ ಸುಳ್ಳು ಎಂದ. ರಮಾ ನಂಬಲಿಲ್ಲ. ತಾನೇ ಉಂಗುರ ಕೊಂಡೊಯ್ದು ಮತ್ತೊಂದು ಕಡೆ ತೋರಿಸಿದಳು. ಅಲ್ಲೂ ಅದೇ ಮಾತು. ಅಲ್ಲಿಂದ ನೇರವಾಗಿ ಕುಬೇರಪ್ಪನ ಮುಂದೆ ನಿಂತಳು.

ಅವನು ಉಂಗುರವನ್ನು ಮುಟ್ಟಲೂ ಇಲ್ಲ.

"ಹೇಳಬಾರ್ದು ಅಂತಿದ್ದೆ ಅಕ್ಕ. ನಿಮ್ಮಮ್ಮನ ಬಳೇನೇ ಅಂಥದ್ದು. ನಿಮಗೆ ಬೇಜಾರಾಗುತ್ತೆ ಅಂತ ಬಾಯ್ಮುಚ್ಕೊಂಡು ಮುದ್ರೆ ಹಾಕ್ದೆ."

ಬಳೆ ಕರಗಿಹೋಗಿತ್ತು, ತಾಯಿ ಬೂದಿಯಾಗಿದ್ದಳು, ಯಾರನ್ನು ಕೇಳುವುದು? ಮನೆಗೆ ಬರುವ ದಾರಿಯಲ್ಲಿ ಅವಳಿಗೂ ಒಂದು ಗಳಿಗೆ ಅನುಮಾನ ಬಂತು: ಅಜ್ಜ ಅಮ್ಮನಿಗೆ ಕಲಬೆರಕೆ ಚಿನ್ನ ಹಾಕಿ ಕಳಿಸಿದ್ದನೇ? ಆ ಅನುಮಾನ ಹುಟ್ಟಿಸಿದ್ದಕ್ಕೇ ಅವಳು ಕುಬೇರಪ್ಪನನ್ನು ಎಂದೂ ಕ್ಷಮಿಸಲಿಲ್ಲ.

ಆದರೆ ಹಳೆಯ ಚಿನ್ನ ಕೊಡದೆ ಹೊಸ ಉಂಗುರ ಕೊಂಡವರೂ ಇದ್ದರಲ್ಲ! ಮಂಡ್ಯದ ಕಡೆಯ ಕಾವ್ಯಾಳನ್ನು ಅವಳೇ ಹಿಂದಿನ ವರ್ಷ ಅಲ್ಲಿಗೆ ಕರೆದೊಯ್ದಿದ್ದಳು. ಕಾವ್ಯಾಳಿಗೆ ಹೇಳಿ ಪರೀಕ್ಷೆ ಮಾಡಿಸಿದಳು. ಅದೂ ಹದಿನಾಲ್ಕೇ.

"ಈಗ ಎಲ್ರಿಗೂ ಹೇಳಲೇಬೇಕು," ಎಂದಳು ಗಂಡನಿಗೆ.

"ಸುಮ್ನಿರು ರಮಾ. ಊರ ಉಸಾಬರಿ ನಿನಗ್ಯಾಕೆ? ಎಲ್ರೂ ನೆಮ್ಮದಿಯಾಗಿದ್ದಾರೆ," ಎಂದ ಆನಂದತೀರ್ಥ.

"ಕರ್ಕೊಂಡು ಹೋಗಿದ್ದು ನಾನಲ್ವಾ?"

ಅವಳು ಒಂದೊಂದೇ ಮನೆಗೆ ಫೋನು ಮಾಡಿದಳು. ಮದುವೆಯ ಉಂಗುರ ಬೆರಳಿನಿಂದ ತೆಗೆಯುವುದು ಅಪಶಕುನ ಎಂದರು ಕೆಲವರು. ಷೇರುಗಳು ದಿನದಿನಕ್ಕೆ ಏರುತ್ತಿದ್ದ ಕಾಲ. ಒಂದು ಉಂಗುರದ ಹಿಂದೆ ಓಡಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಕುಬೇರಪ್ಪ ತನ್ನ ಕಾಫಿಯ ಜೊತೆ ಇನ್ನೊಂದು ಕಥೆ ಬಡಿಸಿದ್ದ: ರಮಕ್ಕನಿಗೆ ಕಮಿಷನ್ ಕೊಡುವುದು ನಿಲ್ಲಿಸಿದೆ, ಅದಕ್ಕೇ ಈ ಉರಿ. ಅವಳಿಗೆ ಮಜೂರಿ ಬಿಟ್ಟಿದ್ದನ್ನು ಕಣ್ಣಾರೆ ಕಂಡವರಿದ್ದರು. ನಂಬುವುದು ಸುಲಭವಾಯಿತು.

ದೇವಸ್ಥಾನದಲ್ಲಿ ಹಂಸಾಳ ಮದುವೆಯಾಯಿತು. ಸ್ಯಾನ್ ಹೊಸೆಯ ಆ ಅಂಗಡಿಯ ಪ್ಲೇನ್ ಉಂಗುರಗಳನ್ನೇ ತೊಟ್ಟರು. ಅಂದು ಬೆಳಿಗ್ಗೆ ಅಲಂಕಾರ ಮಾಡಿಸಿಕೊಳ್ಳುತ್ತ ಕೂತಿದ್ದ ಹಂಸಾ ಕನ್ನಡಿಯತ್ತ ನೋಡುತ್ತಲೇ ಹೇಳಿದಳು: "ಉಂಗುರ ಹೋದ್ರೆ ಹೋಗ್ಲಿ ಅಕ್ಕ. ಅಮ್ಮನ ಬಳೆ ಹಾಗೇ ಇದ್ದಿದ್ರೆ ಸಾಕಿತ್ತು." ರಮಾ ತಂಗಿಯ ಮುಡಿಗೆ ಮಲ್ಲಿಗೆ ಸಿಕ್ಕಿಸುತ್ತ ನಿಂತಳು.

ಎರಡು ಸಾವಿರದ ಒಂದರಲ್ಲಿ ಕಂಪನಿಗಳು ಒಂದರ ಹಿಂದೊಂದು ಮುಳುಗಿದವು. ಕೆಲಸ ಹೋದವರು ಊರಿಗೆ ಗಂಟುಮೂಟೆ ಕಟ್ಟುವ ಮುಂಚೆ ಚಿನ್ನ ಮಾರಲು ಹೊರಟರು. ಸತ್ಯ ಆಗ ಒಬ್ಬೊಬ್ಬರಿಗೇ ಗೊತ್ತಾಯಿತು. ಅಷ್ಟು ಹೊತ್ತಿಗೆ ಕುಬೇರಪ್ಪ ಅಂಗಡಿ ಎತ್ತಿಬಿಟ್ಟಿದ್ದ. ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು. ಸಿಟ್ಟು ತೀರಿಸಿಕೊಳ್ಳಲು ಇಲ್ಲಿ ಉಳಿದಿದ್ದವಳು ರಮಾ ಒಬ್ಬಳೇ.

ಕಾವ್ಯಾಳ ಗಂಡ ಮಧುಕರನ ಕೆಲಸವೂ ಹೋಗಿತ್ತು. ಅವರು ಮಂಡ್ಯಕ್ಕೆ ಹೊರಡುವ ಮುಂಚಿನ ಊಟಕ್ಕೆ ಕಾವ್ಯಾ ಗುಟ್ಟಾಗಿ ಕರೆದಿದ್ದಳು. ರಮಾ ಹೋದಳು. ಮಧುಕರನ ತಾಯಿ ನಂಜಮ್ಮ ಬಾಗಿಲಲ್ಲೇ ತಡೆದಳು.

"ನೀವು ಯೋಳಿದ್ದಕ್ಕೆ ತಾನೆ ನಾವು ಆ ಅಂಗ್ಡಿ ಮೆಟ್ಲು ತುಳ್ದಿದ್ದು? ಅವ್ನು ಕಳ್ಳ, ಅಂಗ್ಡಿ ಮುಚ್ಕೊಂಡು ಓದ. ಅವ್ನೇನು ನಮ್ಮ ಗುರ್ತಿನೋನಾ? ನಾವು ನಂಬಿದ್ದು ನಿಮ್ಮುನ್ನ."

"ನನಗೂ ಮೋಸ ಆಯ್ತಲ್ಲಮ್ಮ. ಗೊತ್ತಾದ ತಕ್ಷಣ ಎಲ್ಲರಿಗೂ ಹೇಳಿದೆ."

"ಆಮ್ಯಾಕೆ ಯೋಳುದ್ರೆ ಏನ್ ಬಂತವ್ವ?"

ರಮಾ ಕಾವ್ಯಾಳ ಮುಖ ನೋಡಿದಳು. ಎಲ್ಲವನ್ನೂ ಬಲ್ಲ ಕಾವ್ಯಾ ಎಲೆಗೆ ಉಪ್ಪು ಬಡಿಸುತ್ತ ತಲೆ ಬಗ್ಗಿಸಿಕೊಂಡಳು. ರಮಾ ಚಪ್ಪಲಿ ಮೆಟ್ಟಿ ವಾಪಸಾದಳು. ಮುದುಕಿಯ ಮಾತು ನಿಜವೆನ್ನುವುದೇ ಅವಳನ್ನು ಹೆಚ್ಚು ಸುಟ್ಟಿತು.

ಮುಂದಿನ ವರ್ಷ ಅವಳಿಗೆ ದುಡಿಯುವ ಪರವಾನಗಿ ಬಂತು. ಡೇಕೇರೊಂದರಲ್ಲಿ ಸೇರಿಕೊಂಡಳು. ಮಗುವಿಗೆ ಯಾವ ಡಾಕ್ಟರು ಒಳ್ಳೆಯವರು, ಯಾವ ಸ್ಕೂಲಿಗೆ ಹಾಕಬೇಕು ಎಂದು ಅಲ್ಲಿನ ತಾಯಂದಿರು ಕೇಳುತ್ತಿದ್ದರು. ಮಗು ಉಂಡಿತೋ, ಮಲಗಿತೋ ಅಷ್ಟನ್ನು ಮಾತ್ರ ರಮಾ ಹೇಳುತ್ತಿದ್ದಳು.